ಮೂರು ಕಂತು

ಮೊದಲ ಫೋನು ಎಂಟೂವರೆಗೆ.
"ನಿಮಗೆಲ್ಲ ದುಡ್ಡೊಂದೇ ಕಣ್ಣಿಗೆ ಕಾಣೋದು."
ಬಂದು ನನ್ನ ಬೂಟು ನೋಡು ಮಾರಾಯ, ಅನ್ನಬೇಕೆನಿಸುತ್ತದೆ,
ಎಡಗಾಲಿನದು ಬಾಯಿಬಿಟ್ಟು ಮಾತಾಡುತ್ತಿದೆ.
ಅನ್ನುವುದಿಲ್ಲ.
"ಒಂದು ನಿಮಿಷ, ಲೈನಿನಲ್ಲಿರಿ" ಅನ್ನುತ್ತೇನೆ,
ಹನ್ನೊಂದು ವರ್ಷದಿಂದ ಇದೇ ಒಂದು ನಿಮಿಷ.

ವಾಲ್ಪರೈಸೊದ ಗುಡ್ಡದ ಓಣಿ, ಕೆಳಗೆ ಬಂದರು.
ಬೋರ್ಡಿನ ಬೆಕ್ಕಿನ ಮುಖವನ್ನು ಉಪ್ಪುಗಾಳಿ ತಿಂದಿದೆ,
ಮೀಸೆ ಮಾತ್ರ ಉಳಿದಿದೆ.
ಬಾಗಿಲಲ್ಲಿ ಒಕ್ಕಣ್ಣಿನ ಬೀದಿನಾಯಿ.
ಓಣಿಯವರೆಲ್ಲ ತಮ್ಮದೇ ಅನ್ನುತ್ತಾರೆ, ಬಿಲ್ಲು ಬರುವ ತನಕ.

ಒಂಬತ್ತಕ್ಕೆ ಒಂದು ಬೆಕ್ಕು, ಟವೆಲ್ಲಿನಲ್ಲಿ ಸುತ್ತಿದ್ದು.
ನಾಲ್ಕು ದಿನದಿಂದ ಉಚ್ಚೆ ಹೊಯ್ದಿಲ್ಲವಂತೆ.
ತಲೆನೋವಿನ ಮಾತ್ರೆ ಅರ್ಧ ಮುರಿದು ಹಾಕಿದರಂತೆ,
"ನನಗಂತೂ ಅದು ತಕ್ಷಣ ನಾಟುತ್ತೆ."
ಮೊನ್ನೆಯೇ ಯಾಕೆ ತರಲಿಲ್ಲ ಎಂದು ಕೇಳಬಾರದು.
ಕೇಳಿದರೆ ಅಳುತ್ತಾರೆ, ಇಲ್ಲವೇ ಬೈಯುತ್ತಾರೆ,
ಎರಡಕ್ಕೂ ಮೇಜಿನ ಮೇಲಿರುವುದು ಒಂದೇ ಟಿಶ್ಯೂ ಡಬ್ಬಿ.

ನೋಡಲಾಗುವುದಿಲ್ಲ ಅಂತ ಹೊರಗೆ ಹೋಗುತ್ತಾರೆ ಕೆಲವರು.
ಆಗ ನಾನು ಹಿಡಿದುಕೊಳ್ಳುತ್ತೇನೆ.
ನಾಯಿ ನನ್ನನ್ನು ನೋಡುವುದಿಲ್ಲ, ಬಾಗಿಲನ್ನು ನೋಡುತ್ತದೆ,
ಡಾಕ್ಟರ್ ಎದೆಗೆ ಸ್ಟೆತಸ್ಕೋಪು ಇಟ್ಟು ತಲೆಯಾಡಿಸಿದ ಮೇಲೂ
ಬಾಗಿಲನ್ನೇ.
ಪಕ್ಕದ ಕೋಣೆಯಲ್ಲಿ ಹೊಸ ಮರಿ, ಮೊದಲ ಲಸಿಕೆ,
ಫೋಟೋ ತೆಗೆಯಲು ಮೂರು ಮಕ್ಕಳು.
ಮುಖ ಬದಲಿಸಲು ನನಗೆ ಸಿಗುವುದು ನಾಲ್ಕು ಹೆಜ್ಜೆ.
ಅದರಲ್ಲೊಂದು ಮೂಗು ಒರೆಸಿಕೊಳ್ಳಲು ಹೋಗುತ್ತದೆ.

ಅಂಥ ಹೊತ್ತಿಗೇ ಸರಿಯಾಗಿ ಪಂಜರದ ಗಿಳಿ,
ಹಡಗಿನ ಅಡುಗೆಯವನೊಬ್ಬ ಬಿಟ್ಟುಹೋದದ್ದು,
ತನಗೆ ಬರುವ ಬೈಗುಳವನ್ನೆಲ್ಲ ಹೇಳಿ ಮುಗಿಸುತ್ತದೆ.
ದೇವರಾಣೆ, ಈ ಕಟ್ಟಡದಲ್ಲಿ
ಮನಸ್ಸಿನಲ್ಲಿದ್ದದ್ದನ್ನು ಆಡಿಬಿಡುವ ಪ್ರಾಣಿ ಅದೊಂದೇ.

ಔಷಧದ ಕಪಾಟಿಗೆ ಹೋದ ಆಗಸ್ಟಿನಿಂದ ಎರಡು ಬೀಗ.
ಒಂದು ಕೀಲಿ ಡಾಕ್ಟರ್ ಇರ್ಮಾ ಬಳಿ, ಒಂದು ನನ್ನ ಕೊರಳಲ್ಲಿ.
ಮೊದಲು ಒಂದೇ ಇತ್ತು, ಡಾಕ್ಟರ್ ಒಸ್ವಾಲ್ದೊ ಬಳಿ.
ಅವರ ಕೋಟು ಇನ್ನೂ ಮೊಳೆಯಲ್ಲಿದೆ,
ಅದರ ಜೇಬಿನ ಬಿಸ್ಕತ್ತಿಗೆ
ಒಳಬರುವ ನಾಯಿಗಳು ಈಗಲೂ ಮೂತಿ ಎತ್ತುತ್ತವೆ.
ಇದರ ಬಗ್ಗೆ ನಾವು ಮಾತಾಡುವುದಿಲ್ಲ.

ರಾತ್ರಿ ಮಗ ಕರೆಯುತ್ತಾನೆ, ಅಮ್ಮ, ಮಲಗಿಸು ಬಾ.
ಆ ಮಾತು ನನಗೆ ಬೇರೆ ಕಡೆ ಕೆಲಸಕ್ಕಿದೆ.
ಸುಮ್ಮನೆ ದೀಪ ಆರಿಸಿ ಪಕ್ಕದಲ್ಲಿ ಬಿದ್ದುಕೊಳ್ಳುತ್ತೇನೆ.
ಫಿನಾಯಿಲ್ ವಾಸನೆ, ಅಂದು
ಆಚೆ ತಿರುಗಿ ನಿದ್ದೆಹೋಗುತ್ತಾನೆ.

ದೋನ್ ನೊಲ್ಬೆರ್ತೊ ಏಪ್ರಿಲಿನಲ್ಲಿ ಬಂದಿದ್ದ,
ಹಡಗಿಗೆ ಮೂಟೆ ಹೊತ್ತ ಹೆಗಲ ಮೇಲೆ
ಚಾಸ್ಕಾಳನ್ನು ಹೊತ್ತು, ನೂರಾ ಅರವತ್ತು ಮೆಟ್ಟಿಲು.
ಹದಿನಾಲ್ಕು ವರ್ಷದ ಕೆದರುಗೂದಲ ಹೆಣ್ಣುನಾಯಿ,
ಹೊಟ್ಟೆ ತುಂಬ ಗಡ್ಡೆ.
ಅವನು ಹೊರಗೆ ಹೋಗಲಿಲ್ಲ.
ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ,
ಫುಟ್‌ಬಾಲ್ ಪಂದ್ಯದ ವಿಷಯ ಇರಬೇಕು.
ಆಮೇಲೆ ಖಾಲಿ ಕೊರಳಪಟ್ಟಿ ಹಿಡಿದು ನನ್ನ ಮುಂದೆ ನಿಂತ.
ನಾನು ಕೇಳಲೇಬೇಕಿತ್ತು, ನನ್ನ ಕೆಲಸ ಅದು:
ಒಟ್ಟಿಗೋ, ಕಂತಿನಲ್ಲೋ?

ಮೇ ಕೊನೆಗೆ ನೋಟು. ಜೂನಿನಲ್ಲಿ ಬರೀ ಚಿಲ್ಲರೆ.
ಜುಲೈಯಲ್ಲಿ ನೋಟೂ ಚಿಲ್ಲರೆಯೂ ಒಂದು ಚೀಲ ನಿಂಬೆಹಣ್ಣೂ.
ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಬರೆದೆ: ತೀರಿತು.
ಅವನು ಅದನ್ನು ತಲೆಕೆಳಗಾಗಿ ಓದಿದ.
"ಹಾಗಾದರೆ ಯಾಸ್ನಾ, ಇನ್ನು ಇಲ್ಲಿಗೆ ಬರುವ ಕೆಲಸವಿಲ್ಲ."
ಏನೋ ಹೇಳುವವಳಿದ್ದೆ,
ಫೋನು ಹೊಡೆದುಕೊಂಡಿತು.
"ಒಂದು ನಿಮಿಷ" ಅಂದೆ,
ಫೋನಿಗೋ, ಅವನಿಗೋ, ನನಗೇ ಗೊತ್ತಾಗಲಿಲ್ಲ.

ಅವನು ಕುರ್ಚಿ ಎಳೆದು ಕೂತ.
ಒಕ್ಕಣ್ಣಿನದು ಒಳಗೆ ಬಂದು ಅವನ ಬೂಟು ಮೂಸಿತು.
ಗಿಳಿ ಬೈಯಿತು.