ಒಂದ ತಾಟು

ಜಮಖಂಡಿ ಕಾಲೇಜಿನ ಲ್ಯಾಬಿನಾಗ
ಹಳಿಂಗಳಿ ಸರ್ ಸ್ಲೈಡಿನ ಮ್ಯಾಲ ಬೆರಳಿಟ್ಟು ಅಂದ್ರು:
‘ಮೊನಾಕ್ಸಿನಸ್. ಬರಕೋರಿ.
ಹುಟ್ಟಿದಾಗಿಂದ ಸಾಯೂತನ ಒಂದ ಮನಿ
ಹಿಡದಿರೂ ಹುಳಕ್ಕ ಹಂಗಂತಾರ.’

ಎಕ್ಸ್ ಎಲ್ಲಿ ಕೂಡತೈತಿ ಮರೀಬಾರದಂತ
ಅಂಗೈ ಮ್ಯಾಲ ಪೆನ್ನಿಲೆ ಬರಕೊಂಡೆ.
ಲೈಬ್ರರಿಯ ದಪ್ಪ ಡಿಕ್ಷನರಿ ಇನ್ನೊಂದು ಹೇಳಿತು:
ಹಳೇ ಗ್ರೀಕ್ ಮಂದಿಗೆ
ಉಣ್ಣಾಕ ಬಂದಾವಗೂ ನೀಡಾಕಿಗೂ
ಇದ್ದದ್ದು ಒಂದ ಶಬ್ದ.
ನಮ್ಮ ಮಾತಿನಾಗೂ ಬೀಗ ಅಂದ್ರ ಎರಡು:
ಬಾಗಲಕ್ಕ ಹಾಕೂದು, ಬಾಗಲಕ್ಕ ಬರಾವ.

ಚಿಗವ್ವ ನೀಲಗಂಗಾ ಖಾನಾವಳಿಗೆ
ಬೀಗ ಹಾಕಿ ಎರಡು ವರ್ಷ.
ಬೋರ್ಡು ಈಗ ಬಚ್ಚಲ ಹಂಡೇದ ಮುಚ್ಚಳ.
ಇದನ್ನ ವಾಚ್ ರಿಪೇರಿ ದಾವಲಸಾಬಗ
ಯಾರೂ ಹೇಳಿಲ್ಲ.
ಒಂದೂ ಕಾಲಿಗೆ ಹಿತ್ತಲ ಬಾಗಲದಿಂದ ಬರತಾನ,
ಅದ ಮೂಲ್ಯಾಗ ಕೂಡತಾನ.
ಎರಡು ರೊಟ್ಟಿ, ಎಣಗಾಯಿ, ಅಗಸಿ ಹಿಂಡಿ.
ಹಳೇ ರೇಟಿನ ನಲವತ್ತು ರೂಪಾಯಿ
ತಾಟಿನ ಬುಡಕ ಇಟ್ಟು ಹೋಗತಾನ.

ಅಂವ ಮಗಳ ಊರಿಗೆ ಹೋದ ದಿನ
ಚಿಗವ್ವ ಒಲಿ ಹಚ್ಚೂದಿಲ್ಲ.
ಚುರಮುರಿ ತಿಂದು
ಗ್ವಾಡಿಗೆ ಮಾರಿ ಮಾಡಿ ಮಲಗತಾಳ.

ಹುಳ ಯಾವುದು, ಮನಿ ಯಾವುದು,
ಸರ್‌ಗೆ ಕೇಳಬೇಕಂದೆ. ಕೇಳಲಿಲ್ಲ.

‘ಕೈ ಮ್ಯಾಲೇನ ಅದು?’ ಅಂದ್ಲು ಇವತ್ತ.
‘ಇಂಗ್ಲಿಷ್ ಶಬ್ದ, ಚಿಗವ್ವ.’
‘ಅಂದ್ರ?’
ಹಿತ್ತಲದಾಗ ಚಪ್ಪಲಿ ಬಿಟ್ಟ ಸಪ್ಪಳ.
‘ತಡಿ, ಆಮ್ಯಾಲ ಹೇಳವಂತಿ’ ಅಂದಾಕಿ
ಸೆರಗಿಲೆ ತಾಟು ಒರಸಿದ್ಲು.