ಚಕ್ಕುಬಂದಿ

ಮೈಸೂರಿನಿಂದ ಬಂದ ಫಾರಮ್ಮಿನಲ್ಲಿ ನಾಲ್ಕು ಗೆರೆ ಖಾಲಿ.
ಧರ್ಮಕೇಂದ್ರ ಎರಡಾಗುತ್ತದಂತೆ,
ಸೀಗೇಕೊಪ್ಪಲಿನ ಎಲ್ಲೆ ಬರೆದು ಕಳಿಸಬೇಕಂತೆ.
ಹೊಸ ಗುರುಗಳು ನನ್ನ ಮುಂದಿಟ್ಟು ಹೇಳಿದರು:
'ನಿಮ್ಮ ತಂದೆ ಸರ್ವೆಯಲ್ಲಿ ಸರಪಳಿ ಎಳೆದವರಲ್ಲವೇ, ಎಲಿಸಮ್ಮ,
ನಿಮಗೆ ಗೊತ್ತಿರುತ್ತೆ.'

ಗೊತ್ತು. ನಮ್ಮಪ್ಪ, ಸರಪಳಿ ಚೌರಪ್ಪ,
ಮೂವತ್ತಮೂರು ಅಡಿಗೆ ಹದಿನಾರಾಣೆ ಎಣಿಸುತ್ತಿದ್ದ;
ಹೊತ್ತು ಹುಟ್ಟಿದಾಗಿಂದ ಬೈಗಿನವರೆಗೆ ಅಷ್ಟೊಂದು ಆಣೆ ಎಣಿಸಿ
ಮನೆಗೆ ತರುತ್ತಿದ್ದುದು ಮಾತ್ರ ಅಂಗಾಲಿನ ಜಾಲಿಮುಳ್ಳು.

ಮೂಡಲಿಗೆ: ನಾಲೆ.
ಇದು ಸುಲಭ. ನಾಲೆಗೆ ಮುಂಚೆ ಕತ್ತಾಳೆ ಬೇಲಿ ಇತ್ತು,
ಬೇಲಿಗೆ ಮುಂಚೆ ಬರೀ ಇನ್ನಾಸಪ್ಪನ ಮಾತು:
'ಆ ಹುಣಸೇಮರದಿಂದ ಈಚ್ಗೆ ನಮ್ದು.'
ನೀರು ಬಂತು, ಮರ ಹೋಯಿತು,
ರಾಗಿಯ ಊರು ಭತ್ತ ಮಾರಲು ಕಲಿಯಿತು.
ಹುಣಸೆ ಇನ್ನೂ ಪಹಣಿಯಲ್ಲಿದೆ, ನೆರಳಿಲ್ಲದೆ.

ಬಡಗಲಿಗೆ: ಬೋರೆ, ಬೋರೆಯ ಮೇಲೆ ಕಲ್ಲುಗುಂಡಿ.
ನಮ್ಮ ದೇವಾಲಯದ ಗೋಡೆ ಅಲ್ಲಿಂದ ಎದ್ದು ಬಂದದ್ದು,
ಬಸವಣ್ಣನ ಗುಡಿಯೂ. ಗುಂಡಿ ಒಂದೇ.

ಪಡುವಲಿಗೆ,
ಇಲ್ಲಿ ಪೆನ್ನು ನಿಲ್ಲುತ್ತದೆ.
ಪಡುವಲಿಗೆ ಕೆರೆ. ಯಾವ ತಿಂಗಳ ಕೆರೆ ಅಂತ ಬರೆಯಲಿ?
ಕೋಡಿ ಬಿದ್ದ ವರ್ಷ ಅದು ಶಾಲೆಯ ಮೆಟ್ಟಿಲು ನೆಕ್ಕುತ್ತದೆ;
ಯುಗಾದಿ ಹೊತ್ತಿಗೆ ಸೋಮೇಗೌಡರ ಸೌತೆಬಳ್ಳಿ
ಕೆರೆಯಂಗಳದ ಅರ್ಧಕ್ಕೆ ಇಳಿದಿರುತ್ತದೆ.

ಮೊದಲು ಗಂಟೆಯೇ ಎಲ್ಲೆ.
'ಗಂಟೆ ಕೇಳಿಸುವಷ್ಟು ದೂರ' ಎಂದು
ಜ್ಞಾನಸ್ನಾನದ ದಪ್ಪ ಪುಸ್ತಕದಲ್ಲಿ
ಯಾರೋ ಉದ್ದ ಗಡ್ಡದ ಗುರು ಲತೀನಿನಲ್ಲಿ ಬರೆದಿದ್ದಾರಂತೆ.
ಉಪದೇಶಿ ರಾಯಪ್ಪ ಹರಿಗೋಲಿನಲ್ಲಿ ಆಚೆ ದಡ ಸೇರಿ
ಕಿವಿಗೆ ಕೈ ಕೊಟ್ಟು ಕೂರುತ್ತಿದ್ದನಂತೆ.
ತುಂಬಿದಾಗ ದನಿ ನೀರ ಮೇಲೆ ಜಾರಿ ಜಾರಿ ಬಿದರಕಟ್ಟೆ ಮುಟ್ಟುತ್ತಿತ್ತು,
ಬತ್ತಿದಾಗ ಮಣ್ಣಿನ ಬಿರುಕು ಕುಡಿದುಬಿಡುತ್ತಿತ್ತು.
ಹಾಗಾಗಿ ಮಳೆ ಹಿಡಿದ ವರ್ಷ ನಮ್ಮ ವಿಚಾರಣೆ ದೊಡ್ಡದು.
ಬಿದರಕಟ್ಟೆಯ ಮೂರು ಮನೆಯವರು
ಒಂದು ವರ್ಷ ನಮ್ಮವರು,
ಇನ್ನೊಂದು ವರ್ಷ ದೇವರಿಗೆ ಬಿಟ್ಟವರು.

ಆ ಮೂರರಲ್ಲಿ ಒಂದಕ್ಕೆ ನನ್ನ ಸೋದರತ್ತೆ ಲೂರ್ದಮ್ಮನನ್ನು ಕೊಟ್ಟಿದ್ದರು.
ಅವಳು ತೀರಿಕೊಂಡದ್ದು ಬಿರುಬೇಸಿಗೆಯಲ್ಲಿ.
ಏರಿ ಸುತ್ತಿದರೆ ಮೂರು ಮೈಲಿ ಎಂದು
ಕೆರೆಯಂಗಳದಲ್ಲೇ ನೇರ ಹೊತ್ತು ತಂದರು,
ನಡುವೆ ಹೆಗಲು ಬದಲಿಸಲು ಇಳಿಸಿದರು.
ಪಕ್ಕದಲ್ಲೊಂದು ಕಲ್ಲು. ಅವತ್ತೇ ನಾನು ಅದನ್ನು ಕಂಡದ್ದು:
ನೆತ್ತಿಯಲ್ಲಿ ಸೂರ್ಯ ಚಂದ್ರ, ಕೆಳಗೆ ಕೊಡೆ ಹಿಡಿದ ಕುಳ್ಳ ವಾಮನ,
ಯಾವನೋ ಅರಸ ಯಾರಿಗೋ ಬಿಟ್ಟ ಭೂಮಿಯ ಗುರುತು;
ಬೆನ್ನಿಗೆ ಶಿಲುಬೆ, ಉಳಿ ಪಳಗದ ಕೈಯದು;
ಪಕ್ಕೆಗೆ ಸರ್ವೆಯ ಬಾಣ, ಅದು ಅಪ್ಪನದೇ.
ಮೂರು ಹೆಜ್ಜೆಗೆ ಲೋಕ ಅಳೆದವನು
ಎದೆಮಟ್ಟ ಹೂಳಿನಲ್ಲಿ ನಿಂತಿದ್ದ.
ಅಪ್ಪ ಅದರ ಬುಡಕ್ಕೆ ಮೊಳ ಹಾಕಿ ನೋಡಿ ಅಂದ:
'ಕಲ್ಲು ಸರ್ದದೆ. ಎಮ್ಗೋಳು ಮೈ ಉಜ್ಜಿ ಉಜ್ಜಿ
ನಾಕಾಣೆ ಜರುಗ್ಸವೆ.'
'ಯಾವ ಕಡೀಕೆ?'
'ಬಿದ್ರಕಟ್ಟೆ ಕಡೀಕೆ,' ಎಂದು
ತಂಗಿಗೆ ಹೆಗಲು ಕೊಟ್ಟ.

ತೆಂಕಲಿಗೆ: ಸಮಾಧಿಗಳು. ಅವಳೂ, ಆಮೇಲೆ ಅವನೂ.
ಅಲ್ಲಿಂದಾಚೆ ನಾನು ಅಳೆದಿಲ್ಲ.

ಈಗ ಹೊಸ ಗೆರೆ ಕೆರೆಯ ನಡುವೆಯೇ ಹೋಗುತ್ತದಂತೆ.
ಮೀನಿನ ಹರಾಜಿಗೆ ಎರಡು ಪಂಚಾಯಿತಿ ಕಿತ್ತಾಡಿದಾಗಲೂ
ಇಷ್ಟು ನೇರ ಗೆರೆ ಯಾರಿಗೂ ಸಿಕ್ಕಿರಲಿಲ್ಲ.
ನಾಳೆಯೊಳಗೆ ಬರೆದುಕೊಡಿ ಅಂದಿದ್ದಾರೆ.

ಈ ಸಲ ಕೆರೆ ತುಂಬಿದೆ, ಕಲ್ಲು ಮುಳುಗಿದೆ.
ಮೊಮ್ಮಗನನ್ನು ಬೈಕಿನಲ್ಲಿ ಬಿದರಕಟ್ಟೆಗೆ ಅಟ್ಟಿದ್ದೇನೆ,
ಆರರ ಗಂಟೆ ಕೇಳಿಸಿದರೆ ಮಿಸ್ಡ್ ಕಾಲ್ ಕೊಡೋ ಅಂತ.
ಫೋನು ಫಾರಮ್ಮಿನ ಮೇಲಿದೆ,
ಪಡುವಲಿನ ಗೆರೆಗೆ ಅಡ್ಡ.
ಅಗೋ, ಹಗ್ಗ ಎಳೆದರು.