ಮೊದಲ ಬಡ್ಡಿ ನೋಡು

ನಸುಕಿನ್ಯಾಗ ಫಕೀರವ್ವಕ್ಕನ ಫೋನು:
"ಮಕ್ತುಮ, ಪಂಪ ತಗೊಂಡ ಬಾ.
ಗದ್ದಿ ನಡುವ ಜಮಖಾನಿ ಹಾಸಿ
ಯಾರೋ ಉಂಡೆದ್ದು ಹೋದಂಗ ಆಗೇತಿ."

ಇಟಗಿ ಕೆರಿ ಕೆಳಗ, ಹಸ್ತ ಮಳಿ ನಿಂತು ಮೂರ ದಿನ.
ಇಂಟಾನ ಭತ್ತ ಹೊಡಿ ಕಟ್ಟೇತಿ.
ನನ್ನದು ಎಣ್ಣಿ ಹೊಡಿಯೂ ಕೂಲಿ:
ಪಂಪಿಗೆ ಅರವತ್ತು, ಎಣ್ಣಿ ಅವರದು, ಬೆನ್ನು ನಂದು.
ಕೆಂಪಾದರ ಕರೀತಾರ, ಬಿಳಿಚಿದರ ಕರೀತಾರ,
ಕಪ್ಪು ಹಸರಿಗೆ ಮಾತ್ರ ಯಾರೂ ಕರಿಯೂದಿಲ್ಲ.
ಅದು ಯೂರಿಯಾದ ಸೊಕ್ಕು, ನೋಡಾಕ ಛಂದ.

ಕೆಸರಿಗೆ ಮೊಣಕಾಲೂರಿದೆ.
ಗರಿ ಮ್ಯಾಲ ಏನಿಲ್ಲ, ಬರೇ ಇಬ್ಬನಿ.
ಎರಡೂ ಕೈಲೆ ಬಡ್ಡಿ ಬಗದು
ಎರಡ ಸಲ ತಟ್ಟಿದೆ, ಬಾಗಲಾ ಬಡದಂಗ.
ಉದರಿದವು ನೀರಿಗೆ, ತೌಡಿನ ಬಣ್ಣದವು,
ಉದರಿ ಅಡ್ಡಡ್ಡ ನಡದು
ಮತ್ತ ಅದ ದಂಟಿಗೆ ಹತ್ತಿ ಕೂತವು,
ಪಂಗ್ತಿಯಾಗ ಹಿಡದ ಜಾಗಾ ಬಿಡದವರಂಗ.

ಇವುಗಳ ಸಂಸಾರ ಹಿಂಗ:
ಎಲಿ ಒರಿ ಸೀಳಿ ಒಳಗ ತತ್ತಿ,
ಬಾಳಿಹಣ್ಣಿನ ಹಣಗಿಯಂಗ ಒತ್ತೊತ್ತಿ.
ಎಂಟ ದಿನಕ್ಕ ಮರಿ.
ಐದ ಸಲ ಅಂಗಿ ಕಳದು ಎರಡ ವಾರಕ್ಕ ಆಳು.
ಉಣ್ಣಾಕ ಸಾಕಷ್ಟಿದ್ದರ
ರೆಕ್ಕಿ ಗಿಡ್ಡ, ಹೊಟ್ಟಿ ದೊಡ್ಡದು.
ಹಾರಿ ಎಲ್ಲಿಗೆ ಹೋಗೂದೈತಿ?
ಗದ್ದಲಾಗಿ, ದಂಟು ಬತ್ತಿದಾಗ ಬೆಳದದ್ದಕ್ಕ
ಉದ್ದನ ರೆಕ್ಕಿ;
ಕತ್ತಲದಾಗ ಗಾಳಿ ಹಿಡದು ಪಾರಿಶ್ವಾಡದ ದಿಕ್ಕು.
ಹಸಿವಿಗೆ ರೆಕ್ಕಿ ಇರತಾವ ಅಂತ
ನಮ್ಮವ್ವ ಬ್ಯಾರೆ ಯಾವುದಕ್ಕೋ ಅಂದಿದ್ದಳು.

ಹೋದ ವರ್ಷ ಇದ ಗದ್ದಿಗೆ ನಾನ ಮೂರ ಸಲ ಹೊಡದೆ.
ಅಂಗಡ್ಯಾಂವ ಕೊಟ್ಟ ಎಣ್ಣಿ, ಗರಿ ಮ್ಯಾಲಿಂದ, ನಿಂತನಿಂತ.
ಬಡ್ಡಿಗೆ ಕೂತದ್ದಕ್ಕ ಹನಿ ಸೈತ ಮುಟ್ಟಲಿಲ್ಲ.
ಸತ್ತದ್ದು ಜ್ಯಾಡ.
ಆಮ್ಯಾಲ ಹದಿನೈದ ದಿನದಾಗ ಗದ್ದಿಗೆ ಗದ್ದಿ
ಬೆಂಕಿ ಇಲ್ಲದ ಸುಟ್ಟಿತು.
ಅಕ್ಕ ನನಗೇನೂ ಅನ್ನಲಿಲ್ಲ.
ಆ ಹುಲ್ಲ ಅವರ ಎಮ್ಮಿ ಮೂಸಿ ಬಿಟ್ಟದ್ದು
ನಾನ ಕಂಡೇನಿ.

ಹನ್ನೊಂದನೇ ಬಡ್ಡಿ ತಟ್ಟಿದಾಗ
ನೀರ ಮ್ಯಾಲ ಓಡಿ ಬಂತೊಂದು ಜ್ಯಾಡ,
ಬೆನ್ನ ತುಂಬ ಮರಿ ಹೊತ್ತು,
ಬಾಯಾಗ ಒಂದು ಜಿಗಿಹುಳ.
ನನ್ನ ಬೆನ್ನ ಮ್ಯಾಲ ಹದಿನಾರ ಲೀಟರಿನ ಪಂಪ.
ಒಬ್ಬರನ್ನೊಬ್ಬರು ನೋಡಿಕೊಂಡು ನಿಂತಿವಿ.

ಪಂಪ ಇಳಿಸಿ ಬದುವಿನ ಮ್ಯಾಲ ಇಟ್ಟೆ.
"ಅಕ್ಕ, ಸಲಿಕಿ ಕೊಡ. ಮೂರ ದಿನ ನೀರ ಬಿಟ್ಟ ಬಿಡೂಣು."
"ಹೊಡಿ ಕಟ್ಟಿದ್ದಕ್ಕ? ಬಸರಿಗೆ ಉಪಾಸ ಹಾಕತಿಯೇನೋ?"
"ಉಪಾಸಲ್ಲಬೇ, ಗಾಳಿ. ಹಸಿ ಆರೂದರಾಗ ಮತ್ತ ಹಾಯಿಸು.
ಯೂರಿಯಾ ಚೀಲ ಮನ್ಯಾಗ ಇರಲಿ.
ಬರೂ ವರ್ಷ ಎಂಟ ಸಾಲಿಗೆ ಒಂದ ಸಾಲ ಖಾಲಿ ಬಿಡು."
"ಖಾಲಿ ಬಿಟ್ಟದ್ದರಾಗ ಏನ ಬೆಳೀತೈತಿ?"
"ಬಿಸಲ."

ಅಕ್ಕ ನಕ್ಕಳೋ, ಬೈದಳೋ, ತಿಳೀಲಿಲ್ಲ.
ಉದ್ದನ ಕೋಲ ತಂದು ಭತ್ತಾ ಆ ಕಡೆ ಈ ಕಡೆ
ಬೈತಲಿ ತಗದಂಗ ಸರಿಸಿದಳು.
ಸುಟ್ಟ ಜಮಖಾನಿ ಸುತ್ತಷ್ಟ, ಕೃಷಿ ಆಫೀಸಿನವರು ಬರದ ಎಣ್ಣಿ,
ನಾಜಲ್ ಕೆಳಗ ಬಗ್ಗಿಸಿ ಅರ್ಧ ಪಂಪ ಹೊಡದೆ.
ಮೂವತ್ತ ರೂಪಾಯಿ, ಎರಡ ರೊಟ್ಟಿ, ಗುರೆಳ್ಳ ಹಿಂಡಿ.
ಅಂಗಡ್ಯಾಂವ ದಾರ್ಯಾಗ ಕೇಳಿದ,
"ಯಾಕೋ, ಇಷ್ಟ ಲಗು?"

ರಾತ್ರಿ ನಮ್ಮ ಪಡಸಾಲಿ ಬಲ್ಬಿಗೆ
ಉದ್ದ ರೆಕ್ಕಿಯವು ಬಂದು ಬಡಿಯಾಕ ಹತ್ತಿದವು,
ಯಾರ ಗದ್ದಿಯವೋ.
ಬಲ್ಬಿನ ಕೆಳಗ ನೀರಿನ ಬುಟ್ಟಿ ಇಟ್ಟೆ.
ಮಗಳು ಶಬಾನಾ ಎಣಿಸಿದಳು: ಇಪ್ಪತ್ತಮೂರು. ಇಪ್ಪತ್ನಾಕು.
"ಲೈಟ ಆರಿಸಲೇನಪ್ಪಾ?"
ಬ್ಯಾಡ, ಇನ್ನೊಂದಿಷ್ಟ ಎಣಿಸು.